ಹಸಿರು ಆಲೂಗಡ್ಡೆಯ ಪಲ್ಯ

“ಹಸಿರಾಗಿರೋ ಗಡ್ಡೆ ಬಿಸಾಕಿ ಅಂತ ಗ್ರಾಮಸೇವಿಕೆ ಅಮ್ಮನೋರು ಹೇಳವ್ರೆ ಅತ್ತೆ. ಬೇಯಿಸಿದ್ರೂ ಅದ್ರ ನಂಜು ಹೋಗಲ್ವಂತೆ,” ಎಂದಳು ಕ್ಯಾತಮ್ಮ.

ಅತ್ತೆ ಕೆಂಪಕ್ಕ ಮೊಳಕೆ ಚಿವುಟುತ್ತಲೇ ಇದ್ದಳು. ಮಗಳ ಮದುವೆ ಮಾತಿಗೆ ಗೌಡಗೆರೆಯಿಂದ ಬೀಗರಾಗುವವರು ಬರುತ್ತಾರೆಂದು ಶಿರಾ ಸಂತೆಯಿಂದ ತರಿಸಿದ್ದ ಆಲೂಗಡ್ಡೆ. ಅವರ ಕಡೆ ಯಾರೋ ತೀರಿಕೊಂಡು ಮಾತು ಒಂದು ತಿಂಗಳು ಮುಂದಕ್ಕೆ, ಇವತ್ತಿಗೆ ಹೋಯಿತು. ಗಡ್ಡೆಗಳು ಕಿಟಕಿ ಬುಡದ ಮಂಕರಿಯಲ್ಲಿ ಬಿಸಿಲು ಕಾಯಿಸಿಕೊಂಡು ಹಸಿರಾದವು. ಅವರೆ, ಹುರುಳಿಯಲ್ಲೇ ಕಾಲ ಹಾಕುವ ಊರಲ್ಲಿ ಆಲೂಗಡ್ಡೆ ಪಲ್ಯವೆಂದರೆ ಬೀಗರಿಗೆ ಮಾಡುವ ಮರ್ಯಾದೆ.

“ಬಂದೋರಿಗೆ ವಾಂತಿ ಗೀಂತಿ ಆದ್ರೆ ಸಂಬಂಧ ಮುರುದೋಯ್ತದೆ.”

ಸೊಸೆಯ ಈ ಮಾತು ಕೆಂಪಕ್ಕನಿಗೆ ನಾಟಿತು. ಆದರೂ ಬಿಸಾಕಲು ಮನಸ್ಸು ಬರಲಿಲ್ಲ. ಪಲ್ಯ ಇಳಿಸಿದ ಮೇಲೆ ಕೆಂಪಕ್ಕ ಒಂದು ತುತ್ತು ನಾಯಿಗೆ ಹಾಕಿ ನೋಡಿದಳು. ನಾಯಿ ಮೂಸಿ ಎದ್ದು ಹೋಯಿತು. ಅವಳು ಒಳಗೆ ಬಂದು ಮುತ್ತುಗದೆಲೆ ಹಾಕಿ, ಅನ್ನ ಸಾರಿನ ಪಕ್ಕ ಪಲ್ಯ ಧಾರಾಳವಾಗಿ ಬಡಿಸಿ, ಎಂದೂ ಇಲ್ಲದ ಅಕ್ಕರೆಯಿಂದ ಸೊಸೆಯನ್ನು ಕರೆದಳು.

“ಬಾ ಮಗಾ, ಇವತ್ತು ನೀನು ಮೊದ್ಲು ಉಣ್ಣು.”

ಆ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಸೊಸೆ ತಳ ಕೆರೆದು ಉಣ್ಣಬೇಕು. ಹನ್ನೊಂದು ವರ್ಷದ ಪದ್ಧತಿ. ನಾಯಿ ಒಲ್ಲದ್ದು ತನ್ನ ಪಾಲಿಗೆ ಬಂತೆಂದು ಕ್ಯಾತಮ್ಮನಿಗೆ ಗೊತ್ತಾಯಿತು. ಆದರೂ ಕೂತಳು. ಅನ್ನದಿಂದ ಹಬೆ ಏಳುತ್ತಿತ್ತು. ಪಲ್ಯ ಪಕ್ಕಕ್ಕೆ ಸರಿಸಿ ಅನ್ನ ಕಲಸಿಕೊಂಡಳು.

“ಪಲ್ಯ ಉಣ್ಣೇ.”

“ಅನ್ನ ಆರೋಯ್ತದೆ ಅತ್ತೆ. ಒಸಿ ತುಪ್ಪ ಬುಡು.”

ಕೆಂಪಕ್ಕ ಬೀಗರಿಗೆಂದು ಕಾಯಿಸಿದ್ದ ತುಪ್ಪ ಬಿಟ್ಟಳು. ಎರಡನೇ ಸಲ ಅನ್ನ ಹಾಕಿದಳು. ಹಪ್ಪಳ ಕೊಟ್ಟಳು. ಪಲ್ಯ ಇಟ್ಟಲ್ಲೇ ಇತ್ತು. ಅಷ್ಟರಲ್ಲಿ ಗೌಡಗೆರೆಯವರ ಗಾಡಿ ಬಂದು ಅಂಗಳದಲ್ಲಿ ನಿಂತಿತು.

“ಲೇ, ಬಾಯಿಗಿಟ್ಟು ಹೇಳೇ.” ಕೆಂಪಕ್ಕನಿಗೆ ಅಳುವೊಂದು ಬಾಕಿ.

ಕ್ಯಾತಮ್ಮ ಒಂದು ಹೋಳು ನಾಲಗೆಗೆ ಸೋಕಿಸಿ ಆಚೆ ಉಗಿದಳು.

“ಕಹಿ. ತಿಪ್ಪೆಗೆ ಸುರಿ.”

ಕೆಂಪಕ್ಕ ಪಾತ್ರೆ ಎತ್ತಿಕೊಂಡು ಹಿತ್ತಿಲಿಗೆ ಓಡಿದಳು. ಬರಿಗೈಲಿ ವಾಪಸು ಬಂದಾಗ ಸೊಸೆ ಇನ್ನೂ ಉಣ್ಣುತ್ತಿದ್ದಳು.

“ಏಳೇ, ಬಂದೋರಿಗೆ ಕಾಲಿಗೆ ನೀರು ಕೊಡು.”

“ಉಣ್ಣೋರ್ನ ಎಬ್ಬಿಸಬಾರ್ದು ಅತ್ತೆ. ನೀನೇ ಕೊಡು,” ಎಂದಳು ಕ್ಯಾತಮ್ಮ. “ಹಂಗೇ ಬರ್ತಾ ಒಸಿ ಮಜ್ಜಿಗೆ ತತ್ತಾ.”