ಹಗ್ಗದ ಆ ತುದಿಯಲ್ಲಿ ವ್ಯಾನು

"ಮೇಷ್ಟ್ರೇ, ಭಾರ ಕೆಳಗಿರಲಿ, ಸೊಂಟ ತಗ್ಗಿಸಿ ಅಂತ ನಮ್ಮ ಮೇಲೆ ದಿನಾ ಕೂಗಾಡ್ತೀರಿ. ಈ ವ್ಯಾನಿನ ತಲೆ ಮೇಲೆ ಮಾತ್ರ ಊರ ಭಾರವನ್ನೆಲ್ಲ ಹೇರ್ತಿದ್ದೀರಲ್ಲ!" ಎಂದರು ಡಾಕ್ಟರಮ್ಮ.

ನಿವೃತ್ತ ಡ್ರಿಲ್ ಮೇಷ್ಟ್ರು ವ್ಯಾನಿನ ಛಾವಣಿ ಹತ್ತಿ ರಬ್ಬರ್ ಚಾಪೆ, ಶೂ ತುಂಬಿದ ಚೀಲ, ನೀರಿನ ಡ್ರಮ್ಮು ಎಲ್ಲವನ್ನೂ ಬಿಗಿಯುತ್ತಿದ್ದರು. ಅವರು ಪಳಗಿಸಿದ ಹೆಂಗಸರ ಹಗ್ಗಜಗ್ಗಾಟದ ತಂಡ ಮೊದಲ ಸಲ ಫೈನಲ್ ಮುಟ್ಟಿತ್ತು. ಮೇಷ್ಟ್ರನ್ನು ಹಿಡಿಯುವವರೇ ಇರಲಿಲ್ಲ. "ಇವನ್ನೆಲ್ಲ ಒಳಗಿಟ್ಟರೆ ನೀವು ಕೂರೋದೆಲ್ಲಿ? ಆನೆ ಇದ್ದ ಹಾಗಿದೆ ಗಾಡಿ, ಏನೂ ಆಗಲ್ಲ. ಹಗ್ಗದಲ್ಲಿ ಕೊನೇ ಜಾಗ ನಿಮ್ಮದು, ವ್ಯಾನಲ್ಲೂ ಕೊನೇ ಸೀಟು ನಿಮ್ಮದೇ. ಹತ್ತಿ, ಹತ್ತಿ!"

ಡಾಕ್ಟರಮ್ಮ ಹಲ್ಲಿನ ಡಾಕ್ಟರು. ಅವರು ಕೈಹಾಕಿದ ಹಲ್ಲು ಬಾಯಲ್ಲಿ ಉಳಿಯುವುದಿಲ್ಲ, ಹಿಡಿದ ಹಗ್ಗ ಕೈಬಿಟ್ಟು ಹೋಗುವುದಿಲ್ಲ ಎಂದು ಪೇಟೆಯಲ್ಲೆಲ್ಲ ಹೆಸರು. ಸ್ಟೀರಿಂಗ್ ಹಿಡಿದು ಕೂತಿದ್ದವನು ಅವರ ಮೈದುನ. ಅಷ್ಟು ದೊಡ್ಡ ಗಾಡಿಯನ್ನು ಅವನು ಮುಟ್ಟಿದ್ದು ಅದೇ ಮೊದಲು.

"ಕಾರಿಗೂ ಇದಕ್ಕೂ ಏನು ವ್ಯತ್ಯಾಸ ಅತ್ತಿಗೆ? ಸ್ವಲ್ಪ ಉದ್ದ, ಅಷ್ಟೇ."

"ಎತ್ತರಾನೂ ಇದೆ ಕಣೋ. ನಿಧಾನಕ್ಕೆ ಹೋಗು." ಹೀಗೆಂದು ಅವರು ಎಲ್ಲರಿಗೂ ಬೆಲ್ಟು ಹಾಕಿಸಿ, ಹಗ್ಗದ ಸುರುಳಿಯನ್ನು ಕಾಲ ಬಳಿ ಇಟ್ಟುಕೊಂಡು, ಕೊನೆಯ ಸೀಟಿನ ಬಲಗಡೆಯ ಕಿಟಕಿಗೆ ಒರಗಿದರು. ಮೇಷ್ಟ್ರು ಮುಂದೆ, ಮೈದುನನ ಎಡಕ್ಕೆ ಕೂತರು.

ಹಾಡು, ಚಪ್ಪಾಳೆ ಜೋರಾಗಿದ್ದಾಗಲೇ ಒಂದು ತಿರುವಿನಲ್ಲಿ ಎಡಗಡೆಯ ಚಕ್ರ ಡಾಂಬರು ಬಿಟ್ಟು ಮಣ್ಣಿಗಿಳಿಯಿತು. ಮೈದುನ ಗಾಬರಿಬಿದ್ದು ಸ್ಟೀರಿಂಗನ್ನು ಸರಕ್ಕನೆ ಬಲಕ್ಕೆ ಎಳೆದ. ಕಾರಾಗಿದ್ದರೆ ಒಂದು ಸಲ ಮೈಕೊಡವಿ ಸರಿಯಾಗುತ್ತಿತ್ತೋ ಏನೋ. ವ್ಯಾನು ಮಾತ್ರ ಕಂಬ ಕಂಡ ಬೀದಿನಾಯಿಯ ಹಾಗೆ ಬಲಗಡೆಯ ಎರಡೂ ಕಾಲೆತ್ತಿತು. ಛಾವಣಿಯ ಭಾರ ಅದನ್ನು ಇನ್ನಷ್ಟು ಎಡಕ್ಕೆ ಎಳೆಯಿತು. ಅದು ಹಾಗೇ ಜಾರಿ, ಹಳ್ಳದಂಚಿನ ಒಂದು ಎಳೆಯ ಮರಕ್ಕೆ ಹೆಗಲು ಕೊಟ್ಟು ನಿಂತಿತು. ಹಾಡು ಅರ್ಧಕ್ಕೇ ನಿಂತಿತ್ತು. ಮರ ಕಿರ್ರೆನ್ನುವುದಷ್ಟೇ ಕೇಳುತ್ತಿತ್ತು.

"ಯಾರೂ ಅಲ್ಲಾಡಬೇಡಿ." ಬಾಯಿ ತೆರೆದು ಕುರ್ಚಿಯಲ್ಲಿ ಕೂತ ರೋಗಿಗೆ ಹೇಳುವ ದನಿಯಲ್ಲೇ ಹೇಳಿದರು ಡಾಕ್ಟರಮ್ಮ. "ಹಿಂದಿನ ಬಾಗಿಲಿಂದ ಒಬ್ಬೊಬ್ಬರೇ ಇಳೀರಿ. ಹಗ್ಗ ತಗೊಂಡು ಹೋಗಿ. ನಾನಿಲ್ಲೇ ಕೂತಿರ್ತೀನಿ, ಈ ಕಡೆ ಭಾರ ಬೇಕು."

ಹೆಂಗಸರೆಲ್ಲ ಇಳಿದರು. ಮೈದುನ ತನ್ನ ಬಾಗಿಲಿನಿಂದ ಹಾರಿಕೊಂಡ. ಮುಂದಿನ ಸೀಟಿನಿಂದ ಮೇಷ್ಟ್ರ ದನಿ ಸಣ್ಣಗೆ ಬಂತು, "ಡಾಕ್ಟರಮ್ಮ, ನನ್ನ ಕಾಲು ಸಿಕ್ಕಿಕೊಂಡಿದೆ."

ಡಾಕ್ಟರಮ್ಮ ಎದ್ದು ಅತ್ತ ಹೋದರೆ ವ್ಯಾನು ಮಗುಚುತ್ತದೆ, ಹೋಗದಿದ್ದರೆ ಮರ ಹೆಚ್ಚು ಹೊತ್ತು ತಡೆಯುವ ಹಾಗಿಲ್ಲ. ಹೊರಗಿದ್ದವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಬಲಗಡೆಯ ಎರಡು ಕಿಟಕಿಗಳ ನಡುವಿನ ಕಂಬಿಗೆ ಹಗ್ಗ ಸುತ್ತಿ, ರಸ್ತೆಗೆ ಅಡ್ಡವಾಗಿ ಸಾಲಾಗಿ ಹಿಡಿದು ನಿಂತರು. ಕೊನೆಯ ಜಾಗಕ್ಕೆ ಮೈದುನ ಹೋಗಿ ಹಗ್ಗವನ್ನು ಬೆನ್ನ ಮೇಲಿಂದ ಹಾಯಿಸಿಕೊಂಡ.

"ಮೇಷ್ಟ್ರೇ, ಹೇಳಿ!" ಎಂದು ಒಬ್ಬಳು ಕೂಗಿದಳು.

ಓರೆಯಾಗಿ ನೇತಾಡುತ್ತಿದ್ದ ಮೇಷ್ಟ್ರು ಉಸಿರೆಳೆದುಕೊಂಡರು. "ಹಗ್ಗ ಎತ್ತಿ! ಬಿಗಿ ಹಿಡೀರಿ! ಸೊಂಟ ತಗ್ಗಿಸಿ! ಭಾರ..." ಎಂದವರು ಒಂದು ಕ್ಷಣ ತಡೆದರು. "ಭಾರ ಕೆಳಗಿರಲಿ, ನಮ್ಮಮ್ಮಂದಿರಾ!"

ಹಗ್ಗ ಬಿಗಿಯಿತು. ಡಾಕ್ಟರಮ್ಮ ಸೀಟಿನಿಂದ ಸೀಟಿಗೆ ತೆವಳಿಕೊಂಡು ಮುಂದೆ ಬಂದು ಮೇಷ್ಟ್ರ ಕಾಲಿಗೆ ಕೈಹಾಕಿದರು.

"ನೋವಾದ್ರೆ ಕೈ ಎತ್ತಿ."

"ಎರಡೂ ಎತ್ತಿದೀನಿ ತಾಯಿ!"

ಕಿತ್ತೇಬಿಟ್ಟರು. ಶೂ ಅಲ್ಲೇ ಉಳಿಯಿತು, ಕಾಲು ಬಂತು. ಹೊರಗೆ ಹೆಂಗಸರ ಕಾಲು ಡಾಂಬರಿನ ಮೇಲೆ ಇಂಚಿಂಚಾಗಿ ಜಾರುತ್ತಿತ್ತು, ಅಂಗೈ ಸುಲಿದು ಹಗ್ಗ ಕೆಂಪಾಗುತ್ತಿತ್ತು. ಆದರೂ ಒಬ್ಬರೂ ಕೈ ಸಡಿಲಿಸಲಿಲ್ಲ. ಡಾಕ್ಟರಮ್ಮ ಮೇಷ್ಟ್ರನ್ನು ಡ್ರೈವರ್ ಬಾಗಿಲಿನಿಂದ ಮೇಲಕ್ಕೆ ನೂಕಿ, ಹಿಂದೆಯೇ ತಾವೂ ಹಾರಿ, "ಬಿಡಿ!" ಎಂದು ಕಿರುಚಿದರು. ಲಟಕ್ಕೆಂದು ಮರ ಮುರಿಯಿತು. ವ್ಯಾನು ಹಗ್ಗವನ್ನೂ ಎಳೆದುಕೊಂಡು ಹಳ್ಳಕ್ಕೆ ಉರುಳಿ, ಚಕ್ರ ಮೇಲಾಗಿ ಬಿತ್ತು. ಮೇಷ್ಟ್ರು ಕೂತಿದ್ದ ಜಾಗದಲ್ಲಿ ಸೀಟಿಗೂ ಛಾವಣಿಗೂ ನಡುವೆ ಈಗ ಗೇಣಗಲ ಸಂದಿಯೂ ಇರಲಿಲ್ಲ.

ಯಾರೋ ನಗಲು ಶುರುಮಾಡಿದರು, ನಗುತ್ತಲೇ ಅಳತೊಡಗಿದರು.

"ಅತ್ತಿಗೆ, ನಾನು..." ಎಂದ ಮೈದುನ.

"ಆಮೇಲೆ ಬೈತೀನಿ. ಮೊದಲು ಕೈ ತೋರಿಸು," ಎಂದು ಡಾಕ್ಟರಮ್ಮ ತಮ್ಮ ದುಪಟ್ಟಾ ಹರಿದರು.

ಆಗ ಮೇಷ್ಟ್ರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮೈದಾನದಿಂದ. "ಎಲ್ಲಿದ್ದೀರಿ ಮೇಷ್ಟ್ರೇ? ಎದುರಿನವರು ಆಗಲೇ ಬಂದು ನಿಂತಿದ್ದಾರೆ. ನೀವು ಬರದಿದ್ದರೆ ಅವರೇ ಗೆದ್ದ ಹಾಗೆ, ನೋಡಿ!"

ಬರಿಗಾಲೊಂದನ್ನು ನೆಲಕ್ಕೂರಲಾಗದೆ ನಿಂತಿದ್ದ ಮೇಷ್ಟ್ರು, ರಸ್ತೆಯಂಚಿನಲ್ಲಿ ಕೂತು ಅಂಗೈಗೆ ಗಾಳಿ ಊದಿಕೊಳ್ಳುತ್ತಿದ್ದವರನ್ನು ಒಬ್ಬೊಬ್ಬರಾಗಿ ಎಣಿಸಿದರು. ನಂಬಿಕೆ ಬರದೆ ಮತ್ತೆ ಮೊದಲಿನಿಂದ ಎಣಿಸಿದರು.

"ಅವರೇ ಗೆದ್ದರು ಅಂತ ಕೂಗಿಬಿಡಿ ಸಾರ್," ಎಂದರು. "ನಮ್ಮ ಕಡೆ ಎಲ್ಲರೂ ಇದ್ದಾರೆ."