ಅಪ್ಪ ಬರೆದ ಪಟ್ಟಿ

ಮಗಳು ಆಲ್ಬಮ್ ಹಾಕಿದ ಕೂಡಲೇ ಅಪ್ಪ ಜೇಬಿನಿಂದ ಪೆನ್ಸಿಲ್ ತೆಗೆದರು. ನಲವತ್ತು ವರ್ಷ ಊರಿನ ಪಿಯಾನೋಗಳಿಗೆಲ್ಲ ಶ್ರುತಿ ಕೂಡಿಸಿದ ಮನುಷ್ಯ. ಪೆನ್ಸಿಲ್ ಹೊರಬಂತೆಂದರೆ ಮೊಸರಿನಲ್ಲಿ ಕಲ್ಲು ಹುಡುಕುವ ಕೆಲಸ ಶುರುವಾಯಿತೆಂದೇ ಅರ್ಥ.

ಪಿಯಾನೋ ನುಡಿಸಿದ್ದು ಅವಳು, ಜೊತೆಗೆ ಒಬ್ಬ ಬಾಸ್ ವಾದ್ಯ ನುಡಿಸುವವನು, ಒಬ್ಬಳು ಡ್ರಮ್ಸ್‌ನವಳು. ಮೂವರ ಜಾಝ್ ತಂಡದ ಚೊಚ್ಚಲ ಆಲ್ಬಮ್ ಅದು. ಒಂಬತ್ತು ರಚನೆಗಳಲ್ಲಿ ಎಂಟು ಅವಳ ಸ್ವಂತದ್ದು, ಒಂದು ಮಾತ್ರ ಹಳೆಯದು. ಪತ್ರಿಕೆಯವರು ಹೊಗಳಿಯೂ ಆಗಿತ್ತು. ಅವಳಿಗೆ ಬೇಕಾಗಿದ್ದು ಅಪ್ಪನ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಆ ಮನೆಯಲ್ಲಿ ಯಾವತ್ತೂ ನಡೆದಿರಲಿಲ್ಲ.

"ಆಸೆ ಇಟ್ಕೋಬೇಡ," ಎಂದರು ಅಮ್ಮ, ಒಗೆದ ಬಟ್ಟೆ ಮಡಚುತ್ತ. "ಮದುವೆಯಾದ ಹೊಸದ್ರಲ್ಲಿ ನಾನೊಂದು ಹಾಡು ಹೇಳ್ದೆ. ಕೂದಲೆಳೆಯಷ್ಟು ಶ್ರುತಿ ಇಳಿದಿದೆ ಅಂದ್ರು. ಆವತ್ತಿಂದ ಬಯ್ಯೋಕೆ ಮಾತ್ರ ಬಾಯಿ ತೆಗೀತೀನಿ."

ಅಪ್ಪ ಕಣ್ಣು ಮುಚ್ಚಿ ಕೇಳಿದರು. ಮೊದಲನೆಯದು ಮುಗಿಯುವಷ್ಟರಲ್ಲಿ ಹಾಳೆಯ ಮೇಲೆ ಎರಡು ತಪ್ಪು, ಎರಡನೆಯದಕ್ಕೆ ಮೂರು. ಸ್ಟುಡಿಯೋದ ಪಿಯಾನೋಗೆ ಶ್ರುತಿ ಮಾಡಿದವನು ಬೇರೆ ಯಾರೋ. ಆ ಪುಣ್ಯಾತ್ಮ ಕಿವಿಗೆ ಹತ್ತಿ ಇಟ್ಟುಕೊಂಡು ಕೆಲಸ ಮಾಡಿದನೇ ಎಂದು ಅಪ್ಪ ಗೊಣಗಿದರು. ನಾನು ನುಡಿಸಿದ್ದು ಹೇಗಿದೆ ಎಂದು ಮಗಳು ಕೇಳಿದ್ದಕ್ಕೆ, ಎಡಗಡೆಯ ದಪ್ಪ ತಂತಿಗಳು ಸಡಿಲವಾಗಿವೆ ಎಂಬ ಉತ್ತರ ಬಂತು. ಅವಳಿಗೆ ನಗುವೂ ಬಂತು, ಅಳುವೂ ಬಂತು.

ಒಂಬತ್ತೂ ಮುಗಿದ ಮೇಲೆ ಅಪ್ಪ ಹಾಳೆಯನ್ನು ಅವಳ ಕೈಗಿಟ್ಟು, ನೀರು ಕುಡಿಯಲು ಎದ್ದು ಹೋದರು. ಸಂಖ್ಯೆಗಳ ಎದುರು ತಪ್ಪುಗಳು ಸಾಲುಗಟ್ಟಿ ಕೂತಿದ್ದವು. ನಾಲ್ಕರ ಎದುರು ಮಾತ್ರ ಏನೂ ಇರಲಿಲ್ಲ. ಅದು ಅವಳು ಎರಡು ವರ್ಷ ತಿದ್ದಿ ತಿದ್ದಿ ಬರೆದ ರಚನೆ. ನುಡಿಸಿದ್ದು ಅದೇ ಪಿಯಾನೋದಲ್ಲಿ, ಅದೇ ದಿನ. ಆ ತಂತಿಗಳು ನಡುವೆ ಐದು ನಿಮಿಷ ತಾವಾಗಿಯೇ ಸರಿಹೋಗಿರಲು ಸಾಧ್ಯವಿರಲಿಲ್ಲ.

"ನಾಲ್ಕನೇದಕ್ಕೆ ನಿದ್ದೆ ಬಂತಾ ಅಪ್ಪ?" ಎಂದು ಕೇಳಿದಳು.

ಅಪ್ಪ ಲೋಟ ಹಿಡಿದುಕೊಂಡೇ ಬಂದು ಕೂತರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗಿತ್ತು ಮುಖ.

"ಇಲ್ಲ. ಅದನ್ನ ಇನ್ನೊಂದ್ಸಲ ಹಾಕು," ಎಂದರು. "ಕೇಳ್ತಾ ಕೇಳ್ತಾ, ಶ್ರುತಿ ನೋಡೋದೇ ಮರೆತೋಯ್ತು."