ಲೆನ್ಸಿನ ಧೂಳು

ಒಗ್ಗರಣೆಯ ಸಾಸಿವೆ ಸಿಡಿಯುವ ಗಳಿಗೆಯನ್ನು ಕ್ಯಾಮೆರಾದಲ್ಲಿ ಹಿಡಿದೇ ತೀರುತ್ತೇನೆಂದು ಸಂಗಣ್ಣ ಭಾನುವಾರ ಬೆಳಿಗ್ಗೆ ಟ್ರೈಪಾಡು, ಎರಡು ಫ್ಲ್ಯಾಶು ಸಮೇತ ಅಡುಗೆಮನೆಗೆ ದಯಮಾಡಿಸಿದ. ಮದುವೆಯಾದ ಮೇಲೆ ಮಹಾನುಭಾವ ಅತ್ತ ಹಾಯ್ದದ್ದು ಅದೇ ಮೊದಲು.

"ಸಾಸಿವಿ ಹೆಂಗ ಸಿಡೀತೈತಿ ಅನ್ನೂದು ಬರಿಗಣ್ಣಿಗೆ ಕಾಣಂಗಿಲ್ಲ. ನಿನಗ ಅದೆಲ್ಲಾ ತಿಳಿಯಂಗಿಲ್ಲ ಬಿಡು," ಎಂದ ಹೆಂಡತಿಗೆ.

"ನನಗ ಹೆಂಗ ತಿಳೀಬೇಕ್ರೀ? ದಿನಾ ಎರಡ್ಹೊತ್ತು ಒಗ್ಗರಣಿ ಹಾಕೂದಷ್ಟ ನನ್ನ ಕೆಲಸ."

"ಸೌಟು ಹಿಡಿದ ಕೈ ಫೋಟೋದಾಗ ಬರ್ಲಿ. ಅಲ್ಲಾಡಸಬ್ಯಾಡ."

ಮಧ್ಯಾಹ್ನದ ಹೊತ್ತಿಗೆ ಒಂದು ಡಬ್ಬಿ ಸಾಸಿವೆ ಕಲೆಗೆ ಅರ್ಪಿತವಾಯಿತು. ಊಟದ ಮಾತನ್ನು ಯಾರೂ ಎತ್ತಲಿಲ್ಲ. ಕಡೆಗೂ ಚಿತ್ರ ಸಿಕ್ಕಿತು. ಗಾಳಿಯಲ್ಲಿ ನಿಂತ ಸಾಸಿವೆ, ಅದರ ಬೆನ್ನಿಗೇ ಹಾರಿದ ಎಣ್ಣೆಯ ಹನಿ. ಆದರೆ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಒಂದು ಬದಿಗೆ ಕಂದು ಚುಕ್ಕೆಗಳ ರಾಶಿ!

"ಲೆನ್ಸಿನ ತುಂಬ ಧೂಳು! ದಿನಾ ಏನ ಕಸಾ ಹೊಡೀತೀಯೋ ಏನೋ!" ಎಂದು ಸಿಡಿದ.

ಲೆನ್ಸು ಒರೆಸಿ ಮತ್ತೊಂದು ಒಗ್ಗರಣೆ ಹಾಕಿಸಿದ. ಚುಕ್ಕೆಗಳು ಹಾಗೇ ಇದ್ದವು. ಬೇರೆ ಲೆನ್ಸು ಹಾಕಿ ಇನ್ನೊಂದು ಒಗ್ಗರಣೆಯಾಯಿತು. ಚುಕ್ಕೆಗಳು ಕದಲಲಿಲ್ಲ.

"ಥೂ, ಎಷ್ಟ ಒರಸಿದ್ರೂ ಹೋಗವಲ್ಲವು!" ಎಂದು ಹಲ್ಲು ಕಡಿದ.

"ಅಲ್ಲಿ ಒರಸಿದ್ರ ಹೆಂಗ ಹೋಗತಾವ್ರೀ?" ಎಂದ ಹೆಂಡತಿ ಒಲೆ ಆರಿಸಿ ಬಂದು, ವರ್ಷಗಟ್ಟಲೆ ಎಣ್ಣೆ ಸಿಡಿದು ಚುಕ್ಕೆಬಿದ್ದ ತನ್ನ ಮುಂಗೈಯನ್ನು ಪರದೆಯ ಪಕ್ಕಕ್ಕೆ ಹಿಡಿದಳು.